ಜಾವಾ ವೆಬ್ ಅಪ್ಲಿಕೇಶನ್‌ಗಳಲ್ಲಿ ಹಂಚಿಕೆಯ ಲೈಬ್ರರಿಗಳು

ಒಂದಕ್ಕಿಂತ ಹೆಚ್ಚು ವೆಬ್ ಅಪ್ಲಿಕೇಶನ್‌ಗಳಿಗೆ ಬೇಕಾಗುವ ಕೋಡನ್ನು ಪ್ರತಿಯೊಂದರಲ್ಲೂ ಮತ್ತೆ ಬರೆಯದೆ, ಒಂದೇ ಕಡೆ ಬರೆದು, ಜಾರ್ ಕಡತವಾಗಿ ಕಟ್ಟಿ, ಎಲ್ಲದರಲ್ಲೂ ಬಳಸಿಕೊಳ್ಳುವ ಪದ್ಧತಿ. ಲಾಗಿನ್ ಪರಿಶೀಲನೆ, ದಿನಾಂಕ ಮತ್ತು ಮೊತ್ತಗಳನ್ನು ತೋರಿಸುವ ಬಗೆ, ತೆರಿಗೆ ಲೆಕ್ಕ, ಇಮೇಲ್ ಕಳಿಸುವುದು, ಲಾಗ್ ಬರೆಯುವುದು ಮುಂತಾದ ಕೆಲಸಗಳು ಒಂದು ಸಂಸ್ಥೆಯ ಎಲ್ಲ ಅಪ್ಲಿಕೇಶನ್‌ಗಳಲ್ಲೂ ಇರುತ್ತವೆ. ಇವುಗಳಲ್ಲಿ ಕೆಲವಕ್ಕೆ ಸಂಸ್ಥೆಯೇ ಬರೆದುಕೊಂಡ ಲೈಬ್ರರಿ ಇರುತ್ತದೆ. ಹೆಚ್ಚಿನವಕ್ಕೆ ಸ್ಪ್ರಿಂಗ್, ಜಾಕ್ಸನ್, ಲಾಗ್‌ಫೋರ್‌ಜೆ, ಅಪಾಚೆ ಕಾಮನ್ಸ್‌ನಂಥ ಮುಕ್ತ ತಂತ್ರಾಂಶಗಳೇ ಆಧಾರ. ಹಂಚಿಕೆ ಬೇಕೇ ಬೇಡವೇ ಎಂಬ ಚರ್ಚೆ ಈಗ ಉಳಿದಿಲ್ಲ. ಯಾವ ಹಂತದಲ್ಲಿ ಹಂಚಿಕೊಳ್ಳಬೇಕು, ಲೈಬ್ರರಿಯ ಹೊಸ ಆವೃತ್ತಿಗೆ ಹೋಗುವ ದಿನವನ್ನು ಯಾರು ನಿಶ್ಚಯಿಸಬೇಕು ಎಂಬುದರ ಮೇಲೆಯೇ ಒಂದು ಯೋಜನೆಯ ನೆಮ್ಮದಿ ನಿಂತಿದೆ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಜಾವಾ ಲೋಕದಲ್ಲಿ ಬಂದ ಉಪಕರಣಗಳಲ್ಲಿ ಬಹಳಷ್ಟು ಈ ಎರಡನೆಯ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು.

ಜಾರ್ ಮತ್ತು ವಾರ್

ಜಾರ್ ಎಂದರೆ ಜಿಪ್ ವಿಧಾನದಲ್ಲಿ ಕಟ್ಟಿದ ಕಡತ. ಅದರೊಳಗೆ ಕಂಪೈಲ್ ಆದ ಕ್ಲಾಸ್ ಕಡತಗಳು, ಸಂರಚನೆಯ ಕಡತಗಳು, ಜೊತೆಗೆ ಮ್ಯಾನಿಫೆಸ್ಟ್ ಎಂಬ ವಿವರಣೆಯ ಕಡತ ಇರುತ್ತವೆ. ಸನ್ ಮೈಕ್ರೋಸಿಸ್ಟಮ್ಸ್ 1997ರಲ್ಲಿ ಜೆಡಿಕೆ 1.1ರೊಂದಿಗೆ ಇದನ್ನು ತಂದಿತು. ಅದಾಗಿ ಎರಡು ವರ್ಷಕ್ಕೆ, 1999ರಲ್ಲಿ, ಸರ್ವರಿನಲ್ಲಿ ನಡೆಯುವ ಜಾವಾ ಕೋಡಿಗೆ ನಿಯಮ ಹೇಳುವ ಸರ್ವ್‌ಲೆಟ್ 2.2 ನಿರ್ದಿಷ್ಟತೆ ವೆಬ್ ಅಪ್ಲಿಕೇಶನ್ ಎಂಬ ಘಟಕಕ್ಕೆ ಖಚಿತವಾದ ರೂಪ ಕೊಟ್ಟಿತು. ಇಡೀ ಅಪ್ಲಿಕೇಶನ್ ವಾರ್ ಎಂಬ ಒಂದೇ ಕಡತದಲ್ಲಿ ಇರಬೇಕು. ಅದರೊಳಗಿನ ವೆಬ್-ಇನ್ಫ್ ಫೋಲ್ಡರಿನ ‘ಕ್ಲಾಸಸ್’ನಲ್ಲಿ ಅಪ್ಲಿಕೇಶನ್ನಿನ ಸ್ವಂತ ಕೋಡ್, ‘ಲಿಬ್’ನಲ್ಲಿ ಅದು ಬಳಸುವ ಜಾರ್‌ಗಳು ಇರಬೇಕು ಎಂದು ಗೊತ್ತುಪಡಿಸಿತು. ವೆಬ್-ಇನ್ಫ್ ಒಳಗಿನ ಯಾವುದನ್ನೂ ಬ್ರೌಸರಿನಿಂದ ನೇರವಾಗಿ ತೆರೆಯಲು ಬರುವುದಿಲ್ಲ. ಇಷ್ಟು ಸರಳವಾದ ಏರ್ಪಾಡು ಇಂದಿಗೂ ಬದಲಾಗದೆ ಉಳಿದಿದೆ. ಸರ್ವರಿಗೆ ಹೋಗುವ ಅಪ್ಲಿಕೇಶನ್ ತನಗೆ ಬೇಕಾದುದನ್ನೆಲ್ಲ ತಾನೇ ಹೊತ್ತುಕೊಂಡು ಹೋಗಬೇಕು ಎಂಬ ತತ್ತ್ವ ಅಂದೇ ಅದರಲ್ಲಿ ಅಡಗಿತ್ತು.

ಹೊಸಬರು ಮೊದಲು ಎಡವುವುದು ಇಲ್ಲಿಯೇ. ಎಕ್ಲಿಪ್ಸ್‌ನಂಥ ಎಡಿಟರಿನಲ್ಲಿ ಒಂದು ಸಾಮಾನ್ಯ ಜಾವಾ ಪ್ರಾಜೆಕ್ಟನ್ನು ವೆಬ್ ಪ್ರಾಜೆಕ್ಟಿನ ಬಿಲ್ಡ್ ಪಾತ್‌ಗೆ ಸೇರಿಸಿದರೆ ಕಂಪೈಲ್ ಆಗುತ್ತದೆ, ಕೆಂಪು ಗೆರೆಗಳು ಮಾಯವಾಗುತ್ತವೆ. ಸರ್ವರ್ ಶುರುಮಾಡಿದ ಕೂಡಲೇ ಅದೇ ಕ್ಲಾಸ್ ಸಿಗಲಿಲ್ಲವೆಂಬ ದೂರು ಬರುತ್ತದೆ. ಕಂಪೈಲರಿಗೆ ಕ್ಲಾಸ್ ಎಲ್ಲಿದೆ ಎಂದು ಹೇಳುವುದು ಒಂದು ಕೆಲಸ, ಅದು ವೆಬ್-ಇನ್ಫ್‌ನ ಲಿಬ್‌ಗೆ ಹೋಗಿ ಸೇರುವಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಎಕ್ಲಿಪ್ಸ್‌ನಲ್ಲಿ ಎರಡನೆಯದಕ್ಕೆ ‘ಡಿಪ್ಲಾಯ್‌ಮೆಂಟ್ ಅಸೆಂಬ್ಲಿ’ ಎಂಬ ಬೇರೆಯೇ ಪುಟವಿದೆ. ಅಲ್ಲಿಯೂ ಆ ಪ್ರಾಜೆಕ್ಟನ್ನು ನಮೂದಿಸಬೇಕು.

ಕ್ಲಾಸ್‌ಲೋಡರ್‌ಗಳ ಲೆಕ್ಕ

ಹಂಚಿಕೆಯ ಒಳಿತು ಕೆಡುಕುಗಳೆಲ್ಲ ಕ್ಲಾಸ್‌ಲೋಡರ್ ಎಂಬ ಯಂತ್ರಾಂಗದಲ್ಲಿವೆ. ಜಾವಾದಲ್ಲಿ ಕ್ಲಾಸುಗಳು ಅಗತ್ಯ ಬಿದ್ದಾಗ ಒಂದೊಂದಾಗಿ ಮೆಮೊರಿಗೆ ಬರುತ್ತವೆ, ತರುವವನು ಕ್ಲಾಸ್‌ಲೋಡರ್. ಲೋಡರ್‌ಗಳು ತಂದೆ ಮಕ್ಕಳಂತೆ ಮರವಾಗಿ ಜೋಡಣೆಗೊಂಡಿರುತ್ತವೆ. ಜೆಡಿಕೆ 1.2ರಿಂದ ಬಂದ ರೂಢಿಯಂತೆ ಪ್ರತಿ ಲೋಡರ್ ಕ್ಲಾಸನ್ನು ತಾನು ಹುಡುಕುವ ಮೊದಲು ತಂದೆಯನ್ನು ಕೇಳುತ್ತದೆ. ವೆಬ್ ಅಪ್ಲಿಕೇಶನ್‌ಗಳಿಗೆ ಮಾತ್ರ ಈ ಕ್ರಮ ತಿರುವುಮುರುವು. ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್ ಪ್ರತಿ ಅಪ್ಲಿಕೇಶನ್ನಿಗೂ ಪ್ರತ್ಯೇಕ ಲೋಡರ್ ಕೊಡುತ್ತದೆ. ಆ ಲೋಡರ್ ಜಾವಾದ ಮೂಲ ಕ್ಲಾಸುಗಳನ್ನು ಬಿಟ್ಟರೆ ಉಳಿದದ್ದನ್ನು ಮೊದಲು ತನ್ನ ವೆಬ್-ಇನ್ಫ್‌ನ ಕ್ಲಾಸಸ್‌ನಲ್ಲಿ, ಬಳಿಕ ಲಿಬ್‌ನಲ್ಲಿ, ಅಲ್ಲೂ ಸಿಗದಿದ್ದರೆ ಸರ್ವರಿನ ಸಾಮಾನ್ಯ ಫೋಲ್ಡರಿನಲ್ಲಿ ಹುಡುಕುತ್ತದೆ. ಇದರಿಂದಾಗಿ ಒಂದೇ ಸರ್ವರಿನಲ್ಲಿ ಒಂದು ಅಪ್ಲಿಕೇಶನ್ ಜಾಕ್ಸನ್ನಿನ ಹಳೆಯ ಆವೃತ್ತಿಯನ್ನೂ ಇನ್ನೊಂದು ಹೊಸದನ್ನೂ ಬಳಸಿ ಒಂದಕ್ಕೊಂದು ತೊಂದರೆ ಕೊಡದೆ ನಡೆಯಬಹುದು. ಸರ್ವ್‌ಲೆಟ್ ಎಪಿಐ ಇದಕ್ಕೆ ಹೊರತು. ಅದರ ಜಾರ್ ಯಾರಾದರೂ ಮರೆತು ವಾರ್ ಒಳಗೆ ಸೇರಿಸಿದ್ದರೂ ಟಾಮ್‌ಕ್ಯಾಟ್ ತನ್ನದನ್ನೇ ಬಳಸುತ್ತದೆ, ಏಕೆಂದರೆ ಸರ್ವರೂ ಅಪ್ಲಿಕೇಶನ್ನೂ ಮಾತಾಡಿಕೊಳ್ಳುವುದು ಆ ಕ್ಲಾಸುಗಳ ಮೂಲಕ.

ಇದರ ಇನ್ನೊಂದು ಮುಖವಿದೆ. ಜಾವಾ ಯಂತ್ರದ ದೃಷ್ಟಿಯಲ್ಲಿ ಒಂದು ಕ್ಲಾಸಿನ ಗುರುತು ಎಂದರೆ ಅದರ ಹೆಸರು ಮತ್ತು ಅದನ್ನು ತಂದ ಲೋಡರ್, ಎರಡೂ ಸೇರಿ. ‘ಗ್ರಾಹಕ’ ಎಂಬ ಕ್ಲಾಸನ್ನು ಎರಡು ಅಪ್ಲಿಕೇಶನ್‌ಗಳು ತಮ್ಮ ತಮ್ಮ ಲಿಬ್‌ನಿಂದ ತಂದುಕೊಂಡಿದ್ದರೆ, ಕಡತಗಳು ಅಕ್ಷರಶಃ ಒಂದೇ ಆಗಿದ್ದರೂ, ಅವು ಎರಡು ಬೇರೆ ಕ್ಲಾಸುಗಳು. ಒಂದರಲ್ಲಿ ಹುಟ್ಟಿದ ಗ್ರಾಹಕನನ್ನು ಹೇಗೋ ಇನ್ನೊಂದಕ್ಕೆ ದಾಟಿಸಿದರೆ ಕ್ಲಾಸ್‌ಕಾಸ್ಟ್ ಎಕ್ಸೆಪ್ಷನ್ ಬರುತ್ತದೆ. ಗ್ರಾಹಕನನ್ನು ಗ್ರಾಹಕನಾಗಿ ಪರಿಗಣಿಸಲಾಗದು ಎಂಬ ಆ ಸಂದೇಶದಲ್ಲಿ ಎರಡೂ ಕಡೆ ಒಂದೇ ಹೆಸರು ಕಾಣುವುದರಿಂದ, ಲೋಡರ್‌ಗಳ ಬಗ್ಗೆ ತಿಳಿಯದವರು ಗಂಟೆಗಟ್ಟಲೆ ಕೋಡಿನಲ್ಲಿ ತಪ್ಪು ಹುಡುಕುತ್ತಾರೆ. ತಪ್ಪು ಕೋಡಿನಲ್ಲಿ ಇರುವುದಿಲ್ಲ, ಜಾರ್ ಇಟ್ಟ ಜಾಗದಲ್ಲಿ ಇರುತ್ತದೆ.

ಸರ್ವರಿನ ಸಾಮಾನ್ಯ ಫೋಲ್ಡರ್

ಹತ್ತು ಅಪ್ಲಿಕೇಶನ್‌ಗಳಲ್ಲಿ ಹತ್ತು ಪ್ರತಿ ಇಡುವುದಕ್ಕಿಂತ ಸರ್ವರಿನಲ್ಲೇ ಒಂದು ಪ್ರತಿ ಇಟ್ಟರೆ ಸಾಲದೇ ಎಂಬ ಯೋಚನೆ ಸಹಜ. ಮೆಮೊರಿ ದುಬಾರಿಯಾಗಿದ್ದ ದಿನಗಳಲ್ಲಿ ಅದಕ್ಕೆ ಬಲವಾದ ಕಾರಣವೂ ಇತ್ತು. ಟಾಮ್‌ಕ್ಯಾಟ್ 5ರಲ್ಲಿ ‘ಕಾಮನ್’, ‘ಸರ್ವರ್’, ‘ಶೇರ್ಡ್’ ಎಂದು ಮೂರು ಫೋಲ್ಡರ್‌ಗಳಿದ್ದವು: ಮೊದಲನೆಯದು ಎಲ್ಲರಿಗೂ, ಎರಡನೆಯದು ಸರ್ವರಿಗೆ ಮಾತ್ರ, ಮೂರನೆಯದು ಎಲ್ಲ ಅಪ್ಲಿಕೇಶನ್‌ಗಳಿಗೆ. ಟಾಮ್‌ಕ್ಯಾಟ್ 6ರಲ್ಲಿ ಇವೆಲ್ಲ ಸೇರಿ ಒಂದೇ ‘ಲಿಬ್’ ಆಯಿತು. ಹಳೆಯ ವಿಂಗಡಣೆ ಬೇಕೆಂದವರು ಸಂರಚನೆಯ ಕಡತದಲ್ಲಿ ಅದನ್ನು ಮತ್ತೆ ತೆರೆದುಕೊಳ್ಳಬಹುದು. ವೆಬ್‌ಲಾಜಿಕ್, ವೆಬ್‌ಸ್ಫಿಯರ್ ಸರ್ವರ್‌ಗಳಲ್ಲಿ ಹಂಚಿಕೆಯ ಲೈಬ್ರರಿಯನ್ನು ಹೆಸರಿಟ್ಟು ನೋಂದಾಯಿಸಿ, ಬೇಕಾದ ಅಪ್ಲಿಕೇಶನ್‌ಗಳಿಗೆ ಮಾತ್ರ ಜೋಡಿಸುವ ಸೌಲಭ್ಯವಿದೆ. ಹಲವು ವಾರ್‌ಗಳನ್ನು ಒಟ್ಟುಗೂಡಿಸುವ ಇಯರ್ ಕಡತಕ್ಕೆ 2006ರ ಜಾವಾ ಇಇ 5 ತನ್ನದೇ ಲಿಬ್ ಫೋಲ್ಡರ್ ಕೊಟ್ಟಿತು. ಅಲ್ಲಿಟ್ಟ ಜಾರ್ ಆ ಗುಂಪಿನ ಎಲ್ಲ ವಾರ್‌ಗಳಿಗೂ ಸಿಗುತ್ತದೆ, ಗುಂಪಿನ ಹೊರಗಿನವರಿಗೆ ಸಿಗುವುದಿಲ್ಲ. ಒಟ್ಟಿಗೇ ಬಿಡುಗಡೆಯಾಗುವ ವಾರ್‌ಗಳಿಗೆ ಇದು ಹದವಾದ ಹಂಚಿಕೆ.

ಇಡೀ ಸರ್ವರಿಗೆ ಒಂದೇ ಪ್ರತಿ ಎಂಬ ಏರ್ಪಾಡು ವಠಾರಕ್ಕೆಲ್ಲ ಒಂದೇ ನೀರಿನ ಟ್ಯಾಂಕು ಇದ್ದಂತೆ. ಒಂದು ಮನೆಯವರು ಟ್ಯಾಂಕು ತೊಳೆಯಲು ಹೊರಟರೆ ಎಲ್ಲರ ಮನೆಯ ನಲ್ಲಿಯೂ ನಿಲ್ಲುತ್ತದೆ. ಸಂಬಳದ ಅಪ್ಲಿಕೇಶನ್ನಿಗೆ ಹೊಸ ಆವೃತ್ತಿ ಬೇಕೆಂದು ಸಾಮಾನ್ಯ ಫೋಲ್ಡರಿನ ಜಾರ್ ಬದಲಿಸಿದರೆ, ಯಾವ ಬದಲಾವಣೆಯನ್ನೂ ಕೇಳದ, ಪರೀಕ್ಷಿಸದ ಹಾಜರಾತಿಯ ಅಪ್ಲಿಕೇಶನ್ ಅದೇ ದಿನ ಮುರಿಯಬಹುದು. ಲೈಬ್ರರಿಯಲ್ಲಿ ಸ್ಟ್ಯಾಟಿಕ್ ಚರಗಳಿದ್ದರೆ ಅವೂ ಎಲ್ಲ ಅಪ್ಲಿಕೇಶನ್‌ಗಳಿಗೆ ಒಂದೇ ಆಗುತ್ತವೆ. ಒಬ್ಬರು ಬದಲಿಸಿದ ಸಮಯವಲಯ ಇನ್ನೊಬ್ಬರ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಇವುಗಳಿಗಿಂತ ನಿಧಾನವಾಗಿ ಕಾಡುವುದು ಮೆಮೊರಿ ಸೋರಿಕೆ. ಅಪ್ಲಿಕೇಶನ್ನನ್ನು ತೆಗೆದು ಮತ್ತೆ ಹಾಕಿದಾಗ ಅದರ ಹಳೆಯ ಲೋಡರ್, ಅದು ತಂದ ಕ್ಲಾಸುಗಳೆಲ್ಲ ಮೆಮೊರಿಯಿಂದ ಹೋಗಬೇಕು. ಆದರೆ ಸಾಮಾನ್ಯ ಫೋಲ್ಡರಿನ ಲೈಬ್ರರಿ ತನ್ನ ಸ್ಟ್ಯಾಟಿಕ್ ಪಟ್ಟಿಯಲ್ಲಿ ಆ ಅಪ್ಲಿಕೇಶನ್ನಿನ ಒಂದೇ ಒಂದು ಆಬ್ಜೆಕ್ಟನ್ನು ಹಿಡಿದುಕೊಂಡಿದ್ದರೂ ಸಾಕು, ಆಬ್ಜೆಕ್ಟಿನಿಂದ ಕ್ಲಾಸಿಗೆ, ಕ್ಲಾಸಿನಿಂದ ಲೋಡರಿಗೆ ಕೊಂಡಿ ಉಳಿದು, ಹಳೆಯ ಅಪ್ಲಿಕೇಶನ್ ಪೂರ್ತಿಯಾಗಿ ಮೆಮೊರಿಯಲ್ಲೇ ಕೂರುತ್ತದೆ. ಹಳೆಯ ಜಾವಾ ಆವೃತ್ತಿಗಳಲ್ಲಿ ನಾಲ್ಕಾರು ಸಲ ಹೀಗಾದರೆ ಸರ್ವರ್ ನಿಂತುಹೋಗುತ್ತಿತ್ತು. ಕ್ಲಾಸುಗಳಿಗೆಂದು ಮೀಸಲಿಟ್ಟ ಪರ್ಮ್‌ಜೆನ್ ಎಂಬ ಜಾಗ ತುಂಬಿತೆಂಬ ಆ ಕಾಲದ ಸಂದೇಶ ಕಾಣದ ಜಾವಾ ಪ್ರೋಗ್ರಾಮರ್ ವಿರಳ. 2014ರ ಜಾವಾ 8ರಲ್ಲಿ ಪರ್ಮ್‌ಜೆನ್ ಹೋಗಿ ಮೆಟಾಸ್ಪೇಸ್ ಬಂದಿತು. ಅದಕ್ಕೆ ತಾನಾಗಿ ಮಿತಿ ಇಲ್ಲದಿರುವುದರಿಂದ ಸೋರಿಕೆ ಮೊದಲಿಗಿಂತ ತಡವಾಗಿ ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಸಾಮಾನ್ಯ ಫೋಲ್ಡರಿನಲ್ಲೇ ಇರಬೇಕಾದ ವಸ್ತುವೂ ಇದೆ. ಡೇಟಾಬೇಸ್ ಸಂಪರ್ಕಗಳ ಪೂಲನ್ನು ಸರ್ವರಿನ ಸಂರಚನೆಯಲ್ಲೇ ಬರೆದಿದ್ದರೆ, ಪೂಲನ್ನು ಕಟ್ಟುವವನು ಟಾಮ್‌ಕ್ಯಾಟ್. ಹಾಗಾಗಿ ಜೆಡಿಬಿಸಿ ಡ್ರೈವರ್ ಅವನಿಗೆ ಕಾಣುವ ಲಿಬ್‌ನಲ್ಲಿ ಇರಲೇಬೇಕು. ಇದನ್ನು ಬಿಟ್ಟು ಉಳಿದ ಜಾರ್‌ಗಳನ್ನು ಅಲ್ಲಿ ಹಾಕುವುದಕ್ಕೆ ಇಂದು ಸಮರ್ಥನೆ ಹುಡುಕುವುದು ಕಷ್ಟ. ಉಳಿಯುವ ಕೆಲವು ಮೆಗಾಬೈಟುಗಳಿಗಾಗಿ ಪ್ರತಿ ತಂಡವೂ ತನ್ನ ಬಿಡುಗಡೆಯ ಸ್ವಾತಂತ್ರ್ಯವನ್ನು ಒತ್ತೆ ಇಡಬೇಕಾಗುತ್ತದೆ.

ಮಾವೆನ್ ತಂದ ಬದಲಾವಣೆ

ಮೊದಮೊದಲು ಜಾರ್‌ಗಳನ್ನು ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡು ಪ್ರಾಜೆಕ್ಟಿನ ಲಿಬ್ ಫೋಲ್ಡರಿಗೆ ಹಾಕಿ, ಸಿವಿಎಸ್ ಅಥವಾ ಸಬ್‌ವರ್ಷನ್ನಿನಲ್ಲಿ ಸೇರಿಸಿಡುತ್ತಿದ್ದರು. ಕಡತದ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆ ಇಲ್ಲದ ‘ಕಾಮನ್.ಜಾರ್’ ಯಾವ ದಿನದ್ದು, ಅದರ ಮೂಲ ಕೋಡ್ ಎಲ್ಲಿದೆ ಎಂದು ಹೇಳುವವರು ಇರುತ್ತಿರಲಿಲ್ಲ. 2000ದ ಆಸುಪಾಸಿನಲ್ಲಿ ಬಂದ ಆ್ಯಂಟ್ ಕಟ್ಟುವ ಕೆಲಸವನ್ನು ಸುಲಭ ಮಾಡಿತಾದರೂ ಜಾರ್ ಎಲ್ಲಿಂದ ಬರಬೇಕೆಂಬುದನ್ನು ಪ್ರೋಗ್ರಾಮರಿಗೇ ಬಿಟ್ಟಿತು.

ಮಾವೆನ್ 1.0 ಬಂದದ್ದು 2004ರಲ್ಲಿ. 2005ರ ಮಾವೆನ್ 2.0 ಈಗಿನ ರೀತಿಯನ್ನು ನೆಲೆಗೊಳಿಸಿತು. ಅದರ ಮುಖ್ಯ ಕೊಡುಗೆ ವಿಳಾಸ. ಪ್ರತಿ ಲೈಬ್ರರಿಗೂ ಗುಂಪಿನ ಹೆಸರು, ಲೈಬ್ರರಿಯ ಹೆಸರು, ಆವೃತ್ತಿ ಎಂಬ ಮೂರು ಭಾಗಗಳ ವಿಳಾಸವಿರುತ್ತದೆ. ಪ್ರಾಜೆಕ್ಟಿನ ವಿವರಗಳಿರುವ ಪಾಮ್ ಕಡತದಲ್ಲಿ ವಿಳಾಸ ಬರೆದರೆ ಮಾವೆನ್ ಅದನ್ನು ಸೆಂಟ್ರಲ್ ಎಂಬ ಸಾರ್ವಜನಿಕ ಭಂಡಾರದಿಂದ ತರುತ್ತದೆ, ಆ ಲೈಬ್ರರಿ ಅವಲಂಬಿಸಿದ ಇತರ ಲೈಬ್ರರಿಗಳನ್ನೂ ತರುತ್ತದೆ, ಪ್ರೋಗ್ರಾಮರಿನ ಯಂತ್ರದಲ್ಲಿ ಇಟ್ಟುಕೊಂಡು, ವಾರ್ ಕಟ್ಟುವಾಗ ವೆಬ್-ಇನ್ಫ್‌ನ ಲಿಬ್‌ಗೆ ತಾನೇ ಸೇರಿಸುತ್ತದೆ. ಸೆಂಟ್ರಲ್‌ನಲ್ಲಿ ಒಮ್ಮೆ ಪ್ರಕಟವಾದ ಆವೃತ್ತಿಯನ್ನು ಮತ್ತೆ ತಿದ್ದಲು ಬರುವುದಿಲ್ಲ. ಈ ಒಂದು ಕಟ್ಟುನಿಟ್ಟಿನಿಂದಾಗಿ ಹಂಚಿಕೆ ಸುರಕ್ಷಿತವಾಯಿತು: ಲೈಬ್ರರಿ ಬರೆದವರು ತಮ್ಮ ಪಾಡಿಗೆ ಹೊಸದನ್ನು ಹೊರತರುತ್ತಿರಬಹುದು, ಬಳಸುವವರು ತಮಗೆ ಬಿಡುವಾದಾಗ ಸಂಖ್ಯೆ ಬದಲಿಸಿ ಪರೀಕ್ಷಿಸಿಕೊಳ್ಳಬಹುದು. ನಿರ್ಧಾರ ಬಳಸುವವರ ಕೈಗೆ ಬಂದಿತು. ಸಂಸ್ಥೆಯ ಒಳಗಿನ ಲೈಬ್ರರಿಗಳಿಗೂ ಇದೇ ಕ್ರಮ. ಅದಕ್ಕೆ ನೆಕ್ಸಸ್, ಆರ್ಟಿಫ್ಯಾಕ್ಟರಿಯಂಥ ಖಾಸಗಿ ಭಂಡಾರಗಳನ್ನು ನಡೆಸುತ್ತಾರೆ.

ಈ ಶಿಸ್ತನ್ನು ಸಡಿಲಿಸುವ ಒಂದು ಬಾಗಿಲೂ ಮಾವೆನ್‌ನಲ್ಲಿದೆ. ಆವೃತ್ತಿಯ ಕೊನೆಗೆ ‘ಸ್ನ್ಯಾಪ್‌ಶಾಟ್’ ಎಂದಿದ್ದರೆ ಅದು ಇನ್ನೂ ಬದಲಾಗುತ್ತಿರುವ ಪ್ರತಿ. ಮಾವೆನ್ ಅದನ್ನು ವಾಡಿಕೆಯಂತೆ ದಿನಕ್ಕೊಮ್ಮೆ ಹೊಸದಾಗಿ ನೋಡುತ್ತದೆ. ಎರಡು ತಂಡಗಳು ಜೊತೆಯಾಗಿ ಕೆಲಸ ಮಾಡುವಾಗ ಇದು ಅನುಕೂಲ. ಸ್ನ್ಯಾಪ್‌ಶಾಟನ್ನೇ ಇಟ್ಟುಕೊಂಡು ಅಪ್ಲಿಕೇಶನ್ ಬಿಡುಗಡೆ ಮಾಡಿದರೆ, ನಿನ್ನೆ ಕಟ್ಟಿದ ವಾರ್ ಮತ್ತು ಇಂದು ಕಟ್ಟಿದ ವಾರ್ ಬೇರೆಯಾಗುತ್ತವೆ, ವ್ಯತ್ಯಾಸ ಎಲ್ಲಿಂದ ಬಂತೆಂದು ಪಾಮ್ ಕಡತದಲ್ಲಿ ಸುಳಿವೇ ಇರುವುದಿಲ್ಲ. ಸರ್ವ್‌ಲೆಟ್ ಎಪಿಐಯಂಥವನ್ನು ‘ಪ್ರೊವೈಡೆಡ್’ ಎಂದು ಗುರುತಿಸಬೇಕು. ಆಗ ಅದು ಕಂಪೈಲಿಗೆ ಸಿಗುತ್ತದೆ, ವಾರ್‌ಗೆ ಹೋಗುವುದಿಲ್ಲ.

ಆವೃತ್ತಿಗಳ ಜಗಳ

ಅವಲಂಬನೆಗಳು ಅವಲಂಬನೆಗಳನ್ನು ಎಳೆದು ತರುವಾಗ ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಎದುರಾಗುತ್ತವೆ. ಒಂದು ಅಪ್ಲಿಕೇಶನ್ ವರದಿಯ ಲೈಬ್ರರಿಯನ್ನು ಬಳಸುತ್ತದೆ, ಅದು ಜಾಕ್ಸನ್ 2.9 ಕೇಳುತ್ತದೆ. ಅದೇ ಅಪ್ಲಿಕೇಶನ್ ಪಾವತಿಯ ಲೈಬ್ರರಿಯನ್ನೂ ಬಳಸುತ್ತದೆ, ಅದು ಇನ್ನೊಂದು ಲೈಬ್ರರಿಯ ಮೂಲಕ ಜಾಕ್ಸನ್ 2.13 ಕೇಳುತ್ತದೆ. ಒಂದು ವಾರ್‌ನೊಳಗೆ ಲೋಡರ್ ಒಂದೇ ಆದ್ದರಿಂದ ಒಂದನ್ನೇ ಆರಿಸಬೇಕು. ಮಾವೆನ್ ಹತ್ತಿರದ್ದನ್ನು ಆರಿಸುತ್ತದೆ. ವರದಿಯ ದಾರಿ ಎರಡು ಹೆಜ್ಜೆ, ಪಾವತಿಯ ದಾರಿ ಮೂರು ಹೆಜ್ಜೆ. ಹಾಗಾಗಿ ಹಳೆಯ 2.9 ಉಳಿದು, 2.13ರ ಮೆಥಡ್‌ಗಳನ್ನು ನಂಬಿದ ಪಾವತಿಯ ಕೋಡ್ ಬೀಳಬಹುದು. ದೂರ ಸಮವಾದರೆ ಪಾಮ್‌ನಲ್ಲಿ ಮೊದಲು ಬರೆದದ್ದೇ ಗೆಲ್ಲುತ್ತದೆ. ಗ್ರೇಡಲ್ ಎಂಬ ಇನ್ನೊಂದು ಬಿಲ್ಡ್ ಉಪಕರಣ ಹಾಗಲ್ಲ, ಎರಡರಲ್ಲಿ ದೊಡ್ಡ ಆವೃತ್ತಿಯನ್ನು ಆರಿಸುತ್ತದೆ. ಮಾವೆನ್‌ನ ನಿಯಮಕ್ಕಿಂತ ಇದು ವಾಸ್ತವಕ್ಕೆ ಹತ್ತಿರ, ಏಕೆಂದರೆ ಲೈಬ್ರರಿಗಳು ಸಾಮಾನ್ಯವಾಗಿ ಹಿಂದಿನದನ್ನು ಉಳಿಸಿಕೊಂಡು ಹೊಸದನ್ನು ಸೇರಿಸುತ್ತವೆ.

ಬೇಡವಾದ ಅವಲಂಬನೆಯನ್ನು ಹೊರಗಿಡಬಹುದು. ಅಥವಾ ಬಾಮ್ ಎಂಬ ಪಟ್ಟಿಯಲ್ಲಿ ಒಟ್ಟಿಗೆ ಹೊಂದುವ ಆವೃತ್ತಿಗಳನ್ನೆಲ್ಲ ಒಂದೇ ಕಡೆ ಗೊತ್ತುಪಡಿಸಬಹುದು. ಸ್ಪ್ರಿಂಗ್ ಬೂಟ್ ಜನಪ್ರಿಯವಾಗಲು ಅದರ ಜೊತೆಗೆ ಬರುವ ಇಂಥ ಪಟ್ಟಿಯೂ ದೊಡ್ಡ ಕಾರಣ. ಎರಡು ಆವೃತ್ತಿಗಳೂ ಬೇಕೇಬೇಕಾದಾಗ ಲೈಬ್ರರಿಯ ಪ್ಯಾಕೇಜ್ ಹೆಸರನ್ನೇ ಬದಲಿಸಿ ಒಳಗೆ ಸೇರಿಸಿಕೊಳ್ಳುವ ‘ಶೇಡಿಂಗ್’ ವಿಧಾನವಿದೆ. ಇದೇ ಸಮಸ್ಯೆಯನ್ನು ಓಎಸ್‌ಜಿಐ ಎಂಬ ಘಟಕ ವ್ಯವಸ್ಥೆ ಪ್ರತಿ ಘಟಕಕ್ಕೂ ಬೇರೆ ಲೋಡರ್ ಕೊಟ್ಟು ಬಿಡಿಸುತ್ತದೆ. 2017ರ ಜಾವಾ 9 ತಂದ ಮಾಡ್ಯೂಲ್ ವ್ಯವಸ್ಥೆ ವಾರ್ ಅಪ್ಲಿಕೇಶನ್‌ಗಳ ದಿನನಿತ್ಯದ ಕೆಲಸವನ್ನು ಅಷ್ಟಾಗಿ ಮುಟ್ಟಿಲ್ಲ.

ಕಂಪೈಲರ್ ಕಾಣದ ಮುರಿತಗಳು

ಲೈಬ್ರರಿ ಬರೆಯುವವರು ಮೂಲ ಕೋಡಿನ ಹೊಂದಾಣಿಕೆಯನ್ನು ಮಾತ್ರ ನೋಡಿದರೆ ಸಾಲದು. ‘ಉಳಿಸು’ ಎಂಬ ಮೆಥಡ್ ಏನನ್ನೂ ಹಿಂದಿರುಗಿಸದ ವಾಯ್ಡ್ ಆಗಿತ್ತು. ಉಳಿಯಿತೋ ಇಲ್ಲವೋ ತಿಳಿಯಲೆಂದು ಅದನ್ನು ಬೂಲಿಯನ್ ಮಾಡಿದರು ಎಂದುಕೊಳ್ಳೋಣ. ಕರೆಯುವ ಕೋಡಿನ ಒಂದು ಸಾಲನ್ನೂ ಬದಲಿಸಬೇಕಿಲ್ಲ, ಮತ್ತೆ ಕಂಪೈಲ್ ಮಾಡಿದರೆ ನಡೆಯುತ್ತದೆ. ಮತ್ತೆ ಕಂಪೈಲ್ ಮಾಡದೆ ಜಾರ್ ಮಾತ್ರ ಬದಲಿಸಿದರೆ ನಡೆಯುವುದಿಲ್ಲ. ಕ್ಲಾಸ್ ಕಡತದಲ್ಲಿ ಬರೆದಿಟ್ಟ ಮೆಥಡಿನ ಗುರುತಿನಲ್ಲಿ ಹಿಂದಿರುಗಿಸುವ ವಿಧವೂ ಸೇರಿರುವುದರಿಂದ, ಅಂಥ ಮೆಥಡ್ ಇಲ್ಲವೆಂಬ ದೋಷ ಬರುತ್ತದೆ. ಅದೂ ಸರ್ವರ್ ಶುರುವಾದಾಗ ಬರುವುದಿಲ್ಲ. ಯಾರೋ ಬಳಕೆದಾರರು ‘ಉಳಿಸು’ ಗುಂಡಿ ಒತ್ತಿದ ಗಳಿಗೆಯಲ್ಲಿ ಬರುತ್ತದೆ.

ಇದಕ್ಕಿಂತ ಅಪಾಯಕಾರಿ, ದೋಷವನ್ನೇ ತೋರಿಸದ ಮುರಿತ. ಸ್ಟ್ಯಾಟಿಕ್ ಫೈನಲ್ ಎಂದು ಸಾರಿದ, ಬರೆಯುವಾಗಲೇ ಬೆಲೆ ಗೊತ್ತಿರುವ ಸಂಖ್ಯೆ ಅಥವಾ ಪಠ್ಯವನ್ನು ಜಾವಾ ಕಂಪೈಲರ್ ಬಳಸುವವರ ಕ್ಲಾಸಿನೊಳಗೇ ಅಚ್ಚು ಹಾಕುತ್ತದೆ. ಭಾರತದಲ್ಲಿ ಸೇವಾ ತೆರಿಗೆ ಸೆಸ್‌ಗಳೂ ಸೇರಿ ಶೇ. 15 ಇದ್ದಾಗ ಒಂದು ಬಿಲ್ಲಿಂಗ್ ಲೈಬ್ರರಿ ಅದನ್ನು ಹೀಗೆ ಸ್ಥಿರಾಂಕವಾಗಿ ಬರೆದಿತ್ತು ಎಂದಿಟ್ಟುಕೊಳ್ಳಿ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಬಹುಪಾಲು ಸೇವೆಗಳಿಗೆ ಶೇ. 18 ಆಯಿತು. ಲೈಬ್ರರಿಯಲ್ಲಿ 18 ಎಂದು ತಿದ್ದಿ, ಸರ್ವರಿನ ಸಾಮಾನ್ಯ ಫೋಲ್ಡರಿನಲ್ಲಿ ಹೊಸ ಜಾರ್ ಇಟ್ಟು, ಸರ್ವರ್ ಮರುಪ್ರಾರಂಭಿಸಿದರೂ ಅಪ್ಲಿಕೇಶನ್ 15ರ ಲೆಕ್ಕವನ್ನೇ ಹಾಕುತ್ತದೆ, ಏಕೆಂದರೆ 15 ಎಂಬ ಸಂಖ್ಯೆ ಅಪ್ಲಿಕೇಶನ್ನಿನ ಕ್ಲಾಸ್ ಕಡತದಲ್ಲಿ ಕೂತಿದೆ. ಲಾಗ್‌ನಲ್ಲಿ ಒಂದು ಎಚ್ಚರಿಕೆಯೂ ಇರುವುದಿಲ್ಲ. ಬದಲಾಗಬಹುದಾದ ಬೆಲೆಯನ್ನು ಹೀಗೆ ಹೊರಗೆ ತೆರೆದಿಡದೆ ಒಂದು ಮೆಥಡಿನ ಮೂಲಕ ಕೊಡಬೇಕು, ಅದಕ್ಕಿಂತ ಉತ್ತಮವೆಂದರೆ ಸಂರಚನೆಯಿಂದ ಓದಬೇಕು.

ಪುಟಗಳು, ಚಿತ್ರಗಳು, ಕಂಟೇನರುಗಳು

ವೆಬ್ ಅಪ್ಲಿಕೇಶನ್ ಎಂದಮೇಲೆ ಕ್ಲಾಸುಗಳಷ್ಟೇ ಅಲ್ಲ, ಜೆಎಸ್‌ಪಿ ಪುಟ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಲಾಂಛನಗಳೂ ಹಂಚಿಕೆಗೆ ಬೇಕು. 2009ರ ಸರ್ವ್‌ಲೆಟ್ 3.0 ಇದಕ್ಕೆ ದಾರಿ ಮಾಡಿತು. ಜಾರ್‌ನ ಮೆಟಾ-ಇನ್ಫ್ ಒಳಗಿನ ‘ರಿಸೋರ್ಸಸ್’ನಲ್ಲಿ ಇಟ್ಟ ಕಡತಗಳು ಅಪ್ಲಿಕೇಶನ್ನಿನ ಸ್ವಂತ ಪುಟಗಳಂತೆಯೇ ಬ್ರೌಸರಿಗೆ ಸಿಗುತ್ತವೆ, ವೆಬ್ ಫ್ರ್ಯಾಗ್‌ಮೆಂಟ್ ಎಂಬ ಕಡತದಿಂದ ಲೈಬ್ರರಿ ತನ್ನ ಫಿಲ್ಟರ್‌ಗಳನ್ನು ತಾನೇ ನೋಂದಾಯಿಸಿಕೊಳ್ಳಬಹುದು. ಅದಕ್ಕೂ ಮುಂಚೆ ಮಾವೆನ್‌ನಲ್ಲಿ ಒಂದು ವಾರ್‌ನ ಮೇಲೆ ಇನ್ನೊಂದನ್ನು ಹಾಸುವ ‘ಓವರ್‌ಲೇ’ ವಿಧಾನ ಬಳಕೆಯಲ್ಲಿತ್ತು.

2014ರಲ್ಲಿ ಸ್ಪ್ರಿಂಗ್ ಬೂಟ್ 1.0 ಬಂದಮೇಲೆ ಸರ್ವರೇ ಒಂದು ಲೈಬ್ರರಿಯಾಗಿ ಅಪ್ಲಿಕೇಶನ್ನಿನೊಳಗೆ ಸೇರಿತು. ಒಂದೇ ಜಾರ್, ಅದರೊಳಗೆ ಟಾಮ್‌ಕ್ಯಾಟ್, ಉಳಿದ ಎಲ್ಲ ಅವಲಂಬನೆಗಳು. ಸರ್ವರಿನ ಸಾಮಾನ್ಯ ಫೋಲ್ಡರ್ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಕಡತ ದಪ್ಪವಾಗುತ್ತದೆಂಬ ದೂರಿಗೆ 2020ರ ಸ್ಪ್ರಿಂಗ್ ಬೂಟ್ 2.3 ಪದರಗಳ ಜಾರ್ ಮೂಲಕ ಉತ್ತರಿಸಿತು. ಡಾಕರ್ ಇಮೇಜಿನಲ್ಲಿ ಲೈಬ್ರರಿಗಳು ಒಂದು ಪದರ, ಸ್ವಂತ ಕೋಡ್ ಇನ್ನೊಂದು. ಲೈಬ್ರರಿಗಳು ಬದಲಾಗದಿದ್ದರೆ ಆ ಪದರವನ್ನು ಮತ್ತೆ ಕಳಿಸಬೇಕಿಲ್ಲ. ಡಿಸ್ಕಿನಲ್ಲಿ ಹಂಚಿಕೆ, ಚಾಲನೆಯಲ್ಲಿ ಸ್ವಾತಂತ್ರ್ಯ ಎರಡೂ ಹೀಗೆ ಒಟ್ಟಿಗೆ ದಕ್ಕಿದವು.

ಹಂಚಿಕೊಂಡ ಅಪಾಯ

ಎಲ್ಲರೂ ಬಳಸುವ ಲೈಬ್ರರಿಯಲ್ಲಿ ಬಿರುಕು ಕಂಡರೆ ಅದು ಎಲ್ಲರ ಬಿರುಕು. ಅಪಾಚೆ ಸ್ಟ್ರಟ್ಸ್‌ನ ಒಂದು ದೋಷಕ್ಕೆ 2017ರ ಮಾರ್ಚಿನಲ್ಲೇ ತಿದ್ದುಪಡಿ ಬಂದಿತ್ತು. ಅಮೆರಿಕದ ಸಾಲ ಮಾಹಿತಿ ಕಂಪನಿ ಇಕ್ವಿಫ್ಯಾಕ್ಸ್ ಅದನ್ನು ತನ್ನ ಒಂದು ಅಪ್ಲಿಕೇಶನ್ನಿಗೆ ಅಳವಡಿಸಿರಲಿಲ್ಲ. ಮೇ ತಿಂಗಳಿನಿಂದ ಅದೇ ದಾರಿಯಲ್ಲಿ ಒಳನುಗ್ಗಿದವರು ಸುಮಾರು 14.7 ಕೋಟಿ ಜನರ ಮಾಹಿತಿ ಕದ್ದರು. 2021ರ ಡಿಸೆಂಬರಿನಲ್ಲಿ ಬಯಲಾದ ಲಾಗ್‌ಫೋರ್‌ಶೆಲ್, ಅಂದರೆ ಸಿವಿಇ-2021-44228, ಇದಕ್ಕಿಂತ ವ್ಯಾಪಕ. ಲಾಗ್‌ಗೆ ಬರೆಯುವ ಪಠ್ಯದಲ್ಲಿ ಒಂದು ವಿಶೇಷ ಸಾಲು ಇದ್ದರೆ ಲಾಗ್‌ಫೋರ್‌ಜೆ 2 ಹೊರಗಿನ ಸರ್ವರಿನಿಂದ ಕೋಡ್ ತರಿಸಿ ನಡೆಸುವ ಸಾಧ್ಯತೆ ಇತ್ತು. ತೀವ್ರತೆಯ ಅಳತೆಯಲ್ಲಿ ಅದಕ್ಕೆ 10ಕ್ಕೆ 10 ಸಿಕ್ಕಿತು. 2.15.0ರ ತಿದ್ದುಪಡಿ ಪೂರ್ತಿಯಾಗದೆ ಅದೇ ತಿಂಗಳಲ್ಲಿ 2.16.0, 2.17.0, 2.17.1 ಹೊರಬಂದವು. ಅಂದು ಪ್ರತಿ ತಂಡಕ್ಕೂ ಎದುರಾದ ಮೊದಲ ಕಷ್ಟ ತಿದ್ದುವುದಲ್ಲ, ಹುಡುಕುವುದು. ಜಾರ್‌ನೊಳಗಿನ ಜಾರ್‌ನಲ್ಲಿ, ಶೇಡಿಂಗ್ ಮಾಡಿ ಹೆಸರು ಬದಲಾದ ಪ್ರತಿಯಲ್ಲಿ, ಮೂರನೆಯವರ ಲೈಬ್ರರಿಯ ಒಳಗೆ ಅದು ಅಡಗಿತ್ತು. ಅಪ್ಲಿಕೇಶನ್ನಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಪ್ರತಿ ಬಿಲ್ಡ್‌ನಲ್ಲೂ ತಯಾರಿಸಿಡುವ ಎಸ್‌ಬಾಮ್ ಪದ್ಧತಿಗೆ ಆಮೇಲೆ ಹೆಚ್ಚು ಒತ್ತು ಬಂದಿತು. ಪ್ರತಿ ಅಪ್ಲಿಕೇಶನ್ ತನ್ನ ಪ್ರತಿಯನ್ನು ತಾನೇ ಹೊರುವ ಕ್ರಮಕ್ಕೆ ತೆರಬೇಕಾದ ಬೆಲೆ ಇದು. ನೂರು ಅಪ್ಲಿಕೇಶನ್ ಇದ್ದರೆ ನೂರನ್ನೂ ಮತ್ತೆ ಕಟ್ಟಿ ಬಿಡುಗಡೆ ಮಾಡಬೇಕು. ಬಿಲ್ಡ್ ಮತ್ತು ಪರೀಕ್ಷೆ ಸ್ವಯಂಚಾಲಿತವಾಗಿದ್ದರೆ ಮಾತ್ರ ಅದು ಒಂದೆರಡು ದಿನದಲ್ಲಿ ಆಗುವ ಮಾತು.

ಸಂಸ್ಥೆಯ ಸ್ವಂತ ಲೈಬ್ರರಿ

ಒಳಗಿನ ಲೈಬ್ರರಿಗಳು ಕೆಡುವುದು ಹೆಚ್ಚಾಗಿ ಗಾತ್ರದಿಂದ. ‘ಕಾಮನ್’ ಎಂಬ ಹೆಸರಿನ ಜಾರ್‌ಗೆ ಎಲ್ಲರೂ ಎಲ್ಲವನ್ನೂ ಸೇರಿಸುತ್ತಾರೆ. ದಿನಾಂಕ ತೋರಿಸುವ ಒಂದು ಮೆಥಡ್ ಬೇಕೆಂದವರಿಗೆ ಪಿಡಿಎಫ್, ಎಕ್ಸೆಲ್, ಇಮೇಲ್ ಲೈಬ್ರರಿಗಳೆಲ್ಲ ಜೊತೆಗೇ ಬರುತ್ತವೆ. ಡೇಟಾಬೇಸಿನ ಕೋಷ್ಟಕಗಳಿಗೆ ಅನುಗುಣವಾದ ಕ್ಲಾಸುಗಳನ್ನೂ ಅಲ್ಲೇ ಇಟ್ಟರೆ, ಒಂದು ಕಾಲಮ್ ಸೇರಿಸಲು ಎಲ್ಲ ಅಪ್ಲಿಕೇಶನ್‌ಗಳ ಬಿಡುಗಡೆಯನ್ನು ಹೊಂದಿಸಬೇಕಾಗುತ್ತದೆ. ಪದೇ ಪದೇ ಬದಲಾಗುವ ವ್ಯವಹಾರದ ನಿಯಮಗಳನ್ನು ಲೈಬ್ರರಿಗಿಂತ ಪ್ರತ್ಯೇಕ ಸೇವೆಯಾಗಿ ನಡೆಸುವುದು ಲೇಸು. ವಿರಳವಾಗಿ ಬದಲಾಗುವ, ಹೊರಗಿನ ಅವಲಂಬನೆ ಕಡಿಮೆ ಇರುವ ಕೋಡ್ ಮಾತ್ರ ಜಾರ್ ಆಗಿ ಹಂಚಲು ಯೋಗ್ಯ.

ಲೈಬ್ರರಿಯನ್ನು ಹೀಗೆ ವಿಭಜಿಸುವುದು ಎಷ್ಟು ಮುಖ್ಯ ಎಂಬುದನ್ನು ಜಕಾರ್ತಾ ಬದಲಾವಣೆ ಎಲ್ಲರಿಗೂ ತೋರಿಸಿಕೊಟ್ಟಿತು. ಒರಾಕಲ್ 2017ರಲ್ಲಿ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್ನಿಗೆ ವಹಿಸಿಕೊಡಲು ಮುಂದಾಯಿತು, ಆದರೆ ಜಾವಾ ಎಂಬ ಟ್ರೇಡ್‌ಮಾರ್ಕ್ ತನ್ನಲ್ಲೇ ಉಳಿಸಿಕೊಂಡಿತು. ಅದರ ಫಲವಾಗಿ 2020ರ ಜಕಾರ್ತಾ ಇಇ 9ರಲ್ಲಿ ‘ಜಾವಾಎಕ್ಸ್’ ಎಂದು ಶುರುವಾಗುತ್ತಿದ್ದ ಸರ್ವ್‌ಲೆಟ್ ಮುಂತಾದ ಪ್ಯಾಕೇಜುಗಳೆಲ್ಲ ‘ಜಕಾರ್ತಾ’ ಎಂದಾದವು. ಟಾಮ್‌ಕ್ಯಾಟ್ 10 ಮತ್ತು 2022ರ ಸ್ಪ್ರಿಂಗ್ ಬೂಟ್ 3 ಹೊಸ ಹೆಸರನ್ನು ಮಾತ್ರ ಒಪ್ಪುತ್ತವೆ. ಹಳೆಯ ಸರ್ವ್‌ಲೆಟ್ ಫಿಲ್ಟರನ್ನು ಒಳಗೊಂಡ ಕಾಮನ್ ಜಾರ್ ಅಲ್ಲಿ ನಡೆಯುವುದಿಲ್ಲ, ಅದರಲ್ಲಿನ ದಿನಾಂಕದ ಮೆಥಡಿಗೂ ಸರ್ವ್‌ಲೆಟ್ಟಿಗೂ ಸಂಬಂಧವಿಲ್ಲದಿದ್ದರೂ ಇಡೀ ಜಾರ್ ಜೊತೆಗೇ ಸಿಕ್ಕಿಕೊಳ್ಳುತ್ತದೆ. ಸರ್ವ್‌ಲೆಟ್ಟನ್ನು ಮುಟ್ಟದ ತಿರುಳನ್ನು ಒಂದು ಜಾರ್ ಆಗಿ, ಫಿಲ್ಟರ್‌ಗಳ ತೆಳುವಾದ ಪದರವನ್ನು ಇನ್ನೊಂದು ಜಾರ್ ಆಗಿ ಮೊದಲೇ ಬೇರ್ಪಡಿಸಿದ್ದವರು ಆ ತೆಳುವಾದ ಪದರಕ್ಕೆ ಮಾತ್ರ ಎರಡು ರೂಪ ಕೊಟ್ಟು ಮುಗಿಸಿದರು. ಬೇರ್ಪಡಿಸದಿದ್ದವರು ಇಡೀ ಲೈಬ್ರರಿಯನ್ನು ಎರಡು ಸಾಲುಗಳಲ್ಲಿ ಸಾಕುತ್ತಿದ್ದಾರೆ. ಹಳೆಯ ಹೆಸರನ್ನು ಬಳಸುವ ಟಾಮ್‌ಕ್ಯಾಟ್ 9ರ ಮೇಲಿನ ಕೊನೆಯ ಅಪ್ಲಿಕೇಶನ್ ನಿವೃತ್ತವಾಗುವ ತನಕ ಪ್ರತಿ ತಿದ್ದುಪಡಿಯನ್ನೂ ಅವರು ಎರಡು ಕಡೆ ಸೇರಿಸಬೇಕಾಗುತ್ತದೆ.